ಎಡಗಾಲು ಬೇಡದ ಇಂಜಿನ್ನು

ಹೋದ ತಿಂಗಳು ನಮ್ಮ ಇನ್‌ಸ್ಪೆಕ್ಟ್ರಮ್ಮ ತೀರಿಕೊಂಡರು. ಚಿತ್ರದುರ್ಗದಲ್ಲಿರುವ ನಾವು ನಿವೃತ್ತರೆಲ್ಲ ಸೇರಿ ಒಂದು ಸಂತಾಪ ಸಭೆ ಮಾಡಿದೆವು. ಮಾತಾಡಿದವರದೆಲ್ಲ ಒಂದೇ ರಾಗ. ಸೌಮ್ಯ ಸ್ವಭಾವದವರಂತೆ, ಮೃದುಭಾಷಿಯಂತೆ, ದೇವರು ಕೊಟ್ಟ ಕೊರತೆಯನ್ನು ನಗುನಗುತ್ತ ಸಹಿಸಿಕೊಂಡವರಂತೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು, ಒಪ್ಪಿದೆ. ಆದರೆ ಒಳ್ಳೆಯದು ಬೇರೆ, ಸುಳ್ಳು ಬೇರೆ. ಆಕೆ ಸೌಮ್ಯರಾಗಿದ್ದರೆ ನಾನು ದುರ್ಗದ ಪಾಳೇಗಾರ. ಸಹಿಸಿಕೊಳ್ಳುವುದು ಎಂಬ ಕೆಲಸವನ್ನು ಆಕೆ ಒಂದು ದಿನವೂ ಮಾಡಿದವರಲ್ಲ. ನನ್ನ ಸರದಿ ಬಂದಾಗ ಇದನ್ನೇ ಹೇಳಲು ಎದ್ದೆ. ಅಧ್ಯಕ್ಷರಿಗೆ ನನ್ನ ಮುಖ ನೋಡಿಯೇ ಅನುಮಾನ ಬಂತೋ ಏನೋ, ಹೊತ್ತಾಯಿತು ಎಂದು ಮೌನಾಚರಣೆ ಮಾಡಿಸಿಬಿಟ್ಟರು. ಅಲ್ಲಿ ಆಡಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಕೆ ದನ ಕುರಿಗಳ ಆಸ್ಪತ್ರೆಯಲ್ಲಿ ಪಶು ಪರೀಕ್ಷಕಿ, ನಾನು ಅದೇ ಕಚೇರಿಯ ಕಾಂಪೌಂಡರ್. ಹಳ್ಳಿಯವರ ಬಾಯಲ್ಲಿ ಆಕೆ ಇನ್‌ಸ್ಪೆಕ್ಟ್ರಮ್ಮ, ನಮ್ಮ ಬಾಯಲ್ಲೂ ಅದೇ ನಿಂತಿತು. ಹುಟ್ಟಿದ್ದು ಮದಕರಿಪುರದ ಕುರಿಗಾರರ ಮನೆಯಲ್ಲಿ. ಚಿಕ್ಕಂದಿನಲ್ಲೇ ಪೋಲಿಯೋ ಬಂದು ಎಡಗಾಲು ಸೊರಗಿತ್ತು. ಕೂತಲ್ಲಿಂದ ಏಳುವಾಗ ಆ ಕಾಲಿಗೆ ಅಂಗೈಯಿಂದ ಪಟ್ಟೆಂದು ಒಂದು ಏಟು ಕೊಟ್ಟು, ಮಲಗಿದ ಎತ್ತನ್ನು ಎಬ್ಬಿಸುವವರ ಹಾಗೆ "ಏಳಲೇ, ಹೋಗಾಣ" ಅನ್ನುತ್ತಿದ್ದರು. ಯಾರಾದರೂ ಕೈ ಹಿಡಿಯಲು ಬಂದರೆ ಕಣ್ಣಲ್ಲೇ ದೂರ ನಿಲ್ಲಿಸುತ್ತಿದ್ದರು. ಒಮ್ಮೆ ಹೊಳಲ್ಕೆರೆ ಬಸ್ಸಿನಲ್ಲಿ ಒಬ್ಬ ಯಜಮಾನರು "ಪಾಪ, ಹೆಣ್ಣುಮಗಳು" ಎಂದು ಲೊಚಗುಟ್ಟಿದರು. ಇವರು ತಿರುಗಿ, "ಪಾಪ ಯಾಕ್ರೀ? ನಿಮ್ಮವು ಎರಡು ಚಪ್ಪಲೀನೂ ಸವೀತವೆ, ನಂದು ಒಂದೇ ಸವೆಯೋದು. ಲಾಭ ಯಾರಿಗೈತೆ ಹೇಳ್ರಿ" ಅಂದರು. ಇಡೀ ಬಸ್ಸು ನಕ್ಕಿತು. ಯಜಮಾನರು ಮುಂದಿನ ಸ್ಟಾಪಿನಲ್ಲೇ ಇಳಿದುಹೋದರು, ಅದು ಅವರ ಊರೋ ಅಲ್ಲವೋ ನನಗೆ ಗೊತ್ತಿಲ್ಲ.

ಕುರಿ ಅಂದರೆ ಆಕೆಗೆ ಪ್ರಾಣ. ಹಟ್ಟಿಗೆ ಹೋದರೆ ಕುರ್ಚಿ ಕೇಳುತ್ತಿರಲಿಲ್ಲ. ನೆಲದ ಮೇಲೆ ಕಂಬಳಿ ಹಾಸಿಸಿಕೊಂಡು ಕೂತು, ಕುರಿಯನ್ನು ಮಡಿಲಿಗೆ ಎಳೆದುಕೊಂಡು ಔಷಧಿ ಕುಡಿಸುತ್ತಿದ್ದರು. ಟಗರು ಕೊಳ್ಳುವವರು ಸಲಹೆ ಕೇಳಲು ಬಂದರೆ ಒಂದೇ ಮಾತು: "ಮಾರೋನು ಕೊಂಬು ತೋರಿಸ್ತಾನೆ, ನೀನು ಕಾಲು ನೋಡು." ಆದರೆ ಹಟ್ಟಿಗೆ ಹೋಗುವ ಭಾಗ್ಯ ಆಕೆಗೆ ಸಿಗುತ್ತಿದ್ದುದೇ ಅಪರೂಪ. ಆಫೀಸಿನ ಜೀಪಿನಲ್ಲಿ ಜಾಗವಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಉಳಿದ ದಿನಗಳಲ್ಲಿ ದುರ್ಗದ ಕಚೇರಿಯ ಮೇಜಿನ ಹಿಂದೆ ಕೂತು ಲಸಿಕೆ ಬಾಟಲಿಗಳ ಲೆಕ್ಕ ಬರೆಯಬೇಕಿತ್ತು. ಆ ಮೇಜನ್ನು ಆಕೆ "ನನ್ನ ದೊಡ್ಡಿ" ಎಂದು ಕರೆಯುತ್ತಿದ್ದರು.

ಹಿರೇಗುಂಟನೂರು ಹೋಬಳಿಯ ಜಾಗ ಖಾಲಿಯಾದಾಗ ಆಕೆ ಸಾಹೇಬರ ಮುಂದೆ ಹೋಗಿ ನಿಂತರು. ಸಾಹೇಬರು ಕೆಟ್ಟವರೇನಲ್ಲ, ಆದರೆ ತಮಗೆ ತೊಂದರೆ ಬೇಡ ಅನ್ನುವ ಜಾತಿ. "ಅಲ್ಲಿ ಹಟ್ಟಿಯಿಂದ ಹಟ್ಟಿಗೆ ತಿರುಗಬೇಕಮ್ಮ. ಬಸ್ಸು ಹೋಗಲ್ಲ, ಬೈಕು ನಿಮಗಾಗಲ್ಲ. ನೀವೇ ಓಡಿಸಿಕೊಂಡು ಓಡಾಡೋ ಗಾಡಿ ಒಂದನ್ನ ದಸರಾ ಒಳಗೆ ತಂದು ತೋರಿಸಿ, ಆದೇಶ ಕೊಡ್ತೀನಿ. ಇಲ್ಲ ಅಂದರೆ ಬೇರೆಯವರನ್ನ ಹಾಕ್ತೀನಿ" ಅಂದರು. ಸಾಗಹಾಕಲು ಆಡಿದ ಮಾತು. ಆಕೆ ಅದನ್ನು ಪಂಥವೆಂದು ಎತ್ತಿಕೊಂಡರು.

ಪಕ್ಕಕ್ಕೆ ಎರಡು ಚಕ್ರ ಹಾಕಿದ ಸ್ಕೂಟರ್ ಒಂದು ಆಕೆಯ ಹತ್ತಿರ ಮೊದಲೇ ಇತ್ತು. ಕುರಿ ಓಡಾಡುವ ಕಲ್ಲು ದಾರಿಯಲ್ಲಿ ಅದು ಮಗುಚಿಕೊಂಡು ಆಕೆಯ ಮೊಣಕೈ ಮುರಿದಿತ್ತು. ಮೇಲಾಗಿ ಲಸಿಕೆಯ ಐಸ್ ಪೆಟ್ಟಿಗೆ, ಒಂದು ಕಾಯಿಲೆ ಕುರಿ, ಅದರ ಮಾಲೀಕ, ಇವರನ್ನೆಲ್ಲ ಸ್ಕೂಟರಿನಲ್ಲಿ ಎಲ್ಲಿ ಹೇರುವುದು? ಕಾರೇ ಬೇಕು. ಕ್ಲಚ್ಚು ಇಲ್ಲದೆ ತಾನೇ ಗೇರು ಬದಲಿಸಿಕೊಳ್ಳುವ ಹೊಸ ಕಾರುಗಳು ಆಗಷ್ಟೇ ಬಂದಿದ್ದವು, ನಮ್ಮಂಥವರ ಕೈಗೆ ಎಟುಕುವಂತಿರಲಿಲ್ಲ.

ಹಿರಿಯೂರಿನಲ್ಲಿ ಕಡ್ಲೆಕಾಯಿ ಮಿಲ್ಲಿನ ಮಾಲೀಕರೊಬ್ಬರಿದ್ದರು. ಶೋಕಿಗೆಂದು ಎಲ್ಲಿಂದಲೋ ಪೆಟ್ಟಿಗೆಗಳಲ್ಲಿ ಒಂದು ಕಾರು ತರಿಸಿದ್ದರು. ಪೈಪಿನ ಚೌಕಟ್ಟು, ಫೈಬರಿನ ಮೈ, ಸೀಟು, ದೀಪ, ನಟ್ಟು, ಬೋಲ್ಟು ಎಲ್ಲ ಬಿಡಿಬಿಡಿ. ಕೊಂಡವರೇ ಜೋಡಿಸಿಕೊಂಡು ಯಾವುದಾದರೂ ಹಳೇ ಇಂಜಿನ್ ಕೂರಿಸಿಕೊಳ್ಳಬೇಕು. ಅವರು ಕೂರಿಸಿದ್ದು ಅಜ್ಜನ ಕಾಲದ ಇಂಜಿನ್ನು. ಸ್ವಲ್ಪ ದಿನ ಓಡಿ ಅದು ಬಿಗಿದುಕೊಂಡು ಕೆಟ್ಟುಹೋಯಿತು, ಅದನ್ನು ಕಿತ್ತು ಗುಜರಿಗೆ ಹಾಕಿದ ಮೇಲೆ ಗಾಡಿ ಮಿಲ್ಲಿನ ಹಿಂದಿನ ಶೆಡ್ಡು ಸೇರಿತ್ತು. ಅವರ ಎಮ್ಮೆಯ ಕಷ್ಟದ ಹೆರಿಗೆ ಮಾಡಿಸಿದ್ದು ನಮ್ಮ ಇನ್‌ಸ್ಪೆಕ್ಟ್ರಮ್ಮ. ಆ ಋಣಕ್ಕೆ, "ತಗಂಡ್ ಹೋಗ್ರಿ ಅಕ್ಕಾರೆ, ಅದರಾಗೆ ಕೋಳಿ ಮರಿ ಮಾಡ್ತಾ ಅವೆ" ಅಂದರು. ಗಾಡಿ ನೋಡಿ ನಾನು ನಕ್ಕೆ. ಸೀಟಿನ ಮೇಲೆ ನಿಜವಾಗಿಯೂ ಕೋಳಿ ಕಾವಿಗೆ ಕೂತಿತ್ತು. ಇನ್‌ಸ್ಪೆಕ್ಟ್ರಮ್ಮ ನಗಲಿಲ್ಲ. ಊರುಗೋಲಿನಿಂದ ಮುಂದಿನ ಖಾಲಿ ಗೂಡನ್ನು ತಟ್ಟಿ, "ಇಲ್ಲಿಗೆ ಯಾವ ಇಂಜಿನ್ ಹಾಕಾಣ?" ಅಂದರು.

ಅಲ್ಲಿಂದ ಶುರುವಾಯಿತು ನೋಡಿ. ಒಂದು ಹೆಣ್ಣಿಗೆ ಗಂಡು ಹುಡುಕುವಾಗಲೂ ಅಷ್ಟು ಜನ ಅಷ್ಟು ಸಲಹೆ ಕೊಟ್ಟಿರಲಾರರು. ಗಾಡಿಯನ್ನು ಎಳೆಸಿಕೊಂಡು ಹೋಗಿ ನಿಲ್ಲಿಸಿದ್ದು ಹಿರಿಯೂರಿನ ಹೆದ್ದಾರಿ ಪಕ್ಕದ ಒಬ್ಬ ಮೇಸ್ತ್ರಿಯ ಗ್ಯಾರೇಜಿನಲ್ಲಿ. ಕೈಗುಣವುಳ್ಳ ಮನುಷ್ಯ, ಸುತ್ತಿನ ಲಾರಿಗಳೆಲ್ಲ ಅವನಲ್ಲಿಗೇ ಬರುತ್ತಿದ್ದವು. ಅವನು ಜೀಪಿನ ಹಳೇ ಡೀಸೆಲ್ ಇಂಜಿನ್ನೊಂದರ ಬೆನ್ನು ಸವರಿ, "ಇದು ಆನೆ ಅಕ್ಕ. ಕೆಟ್ರೆ ಹಳ್ಳೀಲಿ ಕುಲುಮೆಯೋನೂ ರಿಪೇರಿ ಮಾಡ್ತಾನೆ" ಅಂದ.

"ಇದಕ್ಕೆ ಎಡಗಾಲು ಬೇಕಾ?"

"ಕ್ಲಚ್ ಒತ್ತಾಕೆ ಬೇಕೇ ಬೇಕಲ್ಲ."

"ಹಂಗಾದ್ರೆ ಆನೆ ನೀನೇ ಸಾಕ್ಕೋ."

ನಮ್ಮ ಜೀಪಿನ ಡ್ರೈವರು ಆಟೋರಿಕ್ಷಾ ಇಂಜಿನ್ ಹಾಕಿಸಿ ಅಂದ, ಅದರ ಕ್ಲಚ್ಚು ಕೈಯಲ್ಲೇ ಇರುತ್ತದಲ್ಲ. ಏರಿನಲ್ಲಿ ಏದುಸಿರು ಬಿಡುವ ಇಂಜಿನ್ನು ನನಗೆ ಬೇಡ ಎಂದು ಆಕೆ ಕೈ ಝಾಡಿಸಿದರು. ಮೇಸ್ತ್ರಿ ಮತ್ತೆ ಯೋಚಿಸಿ, ಡೀಸೆಲ್ ಇಂಜಿನ್ನಿಗೇ ಕೈಯಿಂದ ಎಳೆಯುವ ಕ್ಲಚ್ ಸಲಾಕೆ ಬೆಸೆದುಕೊಡುತ್ತೇನೆ ಅಂದ. ಆಕೆ ಖಾಲಿ ಗಾಡಿಯೊಳಗೆ ಕೂತು ಅಭಿನಯಿಸಿ ತೋರಿಸಿದರು: "ಈ ಕೈ ಕ್ಲಚ್ಚಿಗೆ. ಈ ಕೈ ಗೇರಿಗೆ. ಸ್ಟೇರಿಂಗ್ ಏನು ಹಲ್ಲಲ್ಲಿ ಹಿಡೀಲೇನಪ್ಪ?" ಗ್ಯಾರೇಜಿನಲ್ಲಿದ್ದವರೆಲ್ಲ ನಕ್ಕು ಸುಸ್ತಾದೆವು.

ಕೊನೆಗೆ ಆಕೆಗೆ ಬೇಕಾದದ್ದು ಹಿರಿಯೂರಿನ ಗುಜರಿ ಅಂಗಳದಲ್ಲೇ ಸಿಕ್ಕಿತು. ಹೆದ್ದಾರಿ ಅಗಲವಾಗುತ್ತಿದ್ದ ವರ್ಷಗಳವು, ಅಪಘಾತಕ್ಕೆ ಬರವಿರಲಿಲ್ಲ. ಲಾರಿಯೊಂದು ಪಕ್ಕದಿಂದ ಗುದ್ದಿದ ಚಿಕ್ಕ ಪೆಟ್ರೋಲ್ ಕಾರು. ಬಾಗಿಲುಗಳು ಒಂದಕ್ಕೊಂದು ಅಂಟಿಹೋಗಿದ್ದವು, ಇಂಜಿನ್ನಿಗೆ ಮಾತ್ರ ಒಂದು ಗೀರೂ ಇರಲಿಲ್ಲ. ಹೊಸ ಕಾಲದ್ದು, ಗೇರು ತಾನೇ ಬದಲಿಸಿಕೊಳ್ಳುವಂಥದ್ದು. ಮೈತುಂಬ ವೈರು, ಒಂದು ಮೂಲೆಯಲ್ಲಿ ಅದರ ಮಿದುಳಿನಂತೆ ಕಂಪ್ಯೂಟರ್ ಡಬ್ಬಿ. ಇದು ಕೆಟ್ಟರೆ ದುರ್ಗದಲ್ಲಿ ಯಾರಿಗೂ ರಿಪೇರಿ ಬರುವುದಿಲ್ಲ ಅಂದೆ. "ದುರ್ಗದಾಗೆ ಯಾರಿಗೂ ಬರಲ್ಲ ಅಂತ ಬಿಟ್ರೆ, ದುರ್ಗಕ್ಕೆ ಯಾವತ್ತೂ ಬರಲ್ಲ" ಅಂದರು. ಆಮೇಲೆ ಬಗ್ಗಿ ಕ್ಲಚ್ ಪೆಡಲ್ ಇಲ್ಲದ ಖಾಲಿ ಜಾಗವನ್ನು ಕೈಯಿಂದ ಸವರಿ ನೋಡಿದರು. ಅಂಥ ಸಂತೋಷವನ್ನು ನಾನು ಆಕೆಯ ಮುಖದಲ್ಲಿ ಅದಕ್ಕೆ ಮೊದಲು ನೋಡಿರಲಿಲ್ಲ.

ಇಂಜಿನ್ನು ಗ್ಯಾರೇಜು ಸೇರಿತು. ಅದನ್ನು ಕಂಡು ಮೇಸ್ತ್ರಿ ಕೈ ಹಿಂದೆ ಕಟ್ಟಿಕೊಂಡ.

"ಅಕ್ಕ, ಇದು ಹೆಣ ಇಳಿಸಿದ ಗಾಡೀದು. ಹೊಸದುರ್ಗದೋನು ಒಬ್ಬ ಇದರಾಗೇ ಸತ್ತ. ಇದನ್ನ ಮುಟ್ಟಿದೆ ಅಂತ ಗೊತ್ತಾದ್ರೆ ನಾಳೆಯಿಂದ ಒಂದು ಲಾರೀನೂ ನನ್ನ ಶೆಡ್ಡಿಗೆ ಬರಲ್ಲ."

"ಅದಕ್ಕೇನು ಮಾಡ್ಬೇಕು?"

"ಏನಿಲ್ಲ, ಶುದ್ಧ ಮಾಡ್ರಿ. ಒಂದು ಬೂದುಗುಂಬಳಕಾಯಿ ಒಡೆದು, ಒಂದು ಕುರಿ ರಕ್ತ ಬಿಟ್ರೆ ಸಾಕು. ಮಾರನೇ ದಿನಾನೇ ಕೂರಿಸಿಕೊಡ್ತೀನಿ."

"ಮನುಷ್ಯರ ಸೂತಕನೇ ಹನ್ನೊಂದು ದಿನಕ್ಕೆ ಕಳೀತೈತೆ. ಕಬ್ಬಿಣಕ್ಕೆ ಎಂಥ ಸೂತಕನಪ್ಪ? ದುರ್ಗದ ಕೋಟೆ ಕಲ್ಲಿನ ಮ್ಯಾಲೆ ಎಷ್ಟು ಜನ ಸತ್ತಿಲ್ಲ? ಅದಕ್ಕೆ ಒರಗಿಕೊಂಡೇ ಊರು ಬದುಕ್ತಾ ಐತೆ. ನಾನು ಕಾಯೀನೂ ಒಡೆಯಲ್ಲ, ಕುರೀನೂ ಕಡಿಯಲ್ಲ. ನೀನು ಕೂರಿಸು."

ಮೇಸ್ತ್ರಿ ಜಗ್ಗಲಿಲ್ಲ, ಆಕೆಯೂ ಜಗ್ಗಲಿಲ್ಲ. ವಾರ ಕಳೆಯಿತು, ತಿಂಗಳು ಕಳೆಯಿತು. ಬೇರೆ ಗ್ಯಾರೇಜುಗಳಲ್ಲಿ ಕೇಳಿದರೂ ಅದೇ ಮಾತು. ಹೋಬಳಿಯ ಜಾಗಕ್ಕೆ ಇನ್ನೊಬ್ಬರು ಓಡಾಡುತ್ತಿದ್ದಾರೆಂಬ ಸುದ್ದಿ ಬಂತು. ನಾನೂ ಮನೆಯಲ್ಲಿ ನಿಂಬೆಹಣ್ಣು ಕಟ್ಟುವವನೇ. ಹಿರಿಯೂರಿನಿಂದ ವಾಪಸು ಬರುವಾಗ ಬಸ್ಸಿನಲ್ಲಿ ಅಂದೆ: "ಒಂದು ಕುಂಬಳಕಾಯಿ ತಾನೇ ಅಕ್ಕ? ಒಡೆದು ಬಿಸಾಕ್ರಿ. ದಸರಾ ಬಂದೇಬಿಡ್ತು."

ಆಕೆ ಕಿಟಕಿಯ ಗಾಜು ಸರಿಸಿದರು. ಆಮೇಲೆ ಅಂದರು: "ತೊಳೆದ್ರೆ ಕೊಳೆ ಇತ್ತು ಅಂತ ಒಪ್ಪಿದಂಗೆ ಕಣಯ್ಯ. ನಮ್ಮಣ್ಣನ ಮದುವೆ ದಿಬ್ಬಣ ಹೊರಡೋವಾಗ ನನ್ನನ್ನ ಹಿಂದಿನ ಕೋಣೇಲಿ ಕೂಡಿ ಚಿಲಕ ಹಾಕಿದ್ರು. ಕುಂಟಿ ಎದುರಾದ್ರೆ ಅಪಶಕುನ ಅಂತೆ. ವಾದ್ಯದ ಸದ್ದು ಊರು ದಾಟೋ ತನಕ ಬಾಗಿಲು ಬಡೀತಾ ಇದ್ದೆ. ಆ ಇಂಜಿನ್ನು ಏನು ತಪ್ಪು ಮಾಡೈತೆ? ನಾನೇನು ಮಾಡಿದ್ದೆ? ಇವತ್ತು ಅದಕ್ಕೆ ಕಾಯಿ ಒಡೆದ್ರೆ, ಅವತ್ತು ಚಿಲಕ ಹಾಕಿದ್ದು ಸರಿ ಅಂತ ನಾನೇ ರುಜು ಹಾಕಿದಂಗೆ. ಹೋಬಳಿ ಹೋದ್ರೆ ಹೋಗ್ಲಿ."

ಹೋಬಳಿ ಹೋದರೆ ಹೋಗಲಿ ಅಂದರಲ್ಲ, ಆಗ ದನಿ ನಡುಗಿತು. ಜೀವಮಾನವಿಡೀ ಆಸೆಪಟ್ಟದ್ದು ಅದೊಂದೇ ಎಂದು ನನಗೆ ಗೊತ್ತಿತ್ತು. 

ಇಂಜಿನ್ ಬದಲಾವಣೆಯ ಕಾಗದಕ್ಕೆ ಹಳೇ ಮಾಲೀಕರ ಕಡೆಯವರ ರುಜು ಬೇಕಿತ್ತು. ಗಾಡಿ ಆಗುವುದೇ ಅನುಮಾನ, ರುಜು ತಗೊಂಡು ಏನು ಮಾಡ್ತೀರಿ ಅಂದರೂ ಕೇಳದೆ ಇನ್‌ಸ್ಪೆಕ್ಟ್ರಮ್ಮ ಹೊಸದುರ್ಗಕ್ಕೆ ಹೊರಟರು. ನಾನೂ ಜೊತೆಗೆ ಹೋದೆ. ಸಾಲ ಮಾಡಿ ಆ ಕಾರು ಕೊಂಡು ಅದರಲ್ಲೇ ಸತ್ತವನ ಹೆಂಡತಿ ಬಳೆ ಅಂಗಡಿಯಲ್ಲಿ ಒಬ್ಬಳೇ ಕೂತಿದ್ದಳು. ಅದು ಹಬ್ಬಗಳ ಸಾಲು. ಎದುರಿನ ಬಳೆ ಅಂಗಡಿಯಲ್ಲಿ ಹೆಂಗಸರು ಮುಗಿಬಿದ್ದಿದ್ದರು, ಇಲ್ಲಿ ನೊಣವೂ ಇರಲಿಲ್ಲ. ಗಂಡ ಸತ್ತವಳ ಕೈಯಿಂದ ಯಾರು ಬಳೆ ತೊಡಿಸಿಕೊಳ್ಳುತ್ತಾರೆ? ನನಗೆ ತಕ್ಷಣ ಹೊಳೆದದ್ದು ಅದೇ. ಇನ್‌ಸ್ಪೆಕ್ಟ್ರಮ್ಮನಿಗೂ ಹೊಳೆದಿರಬೇಕು. ಕಾಗದದ ಮಾತೇ ಎತ್ತದೆ ಜಗಲಿಯ ಮೇಲೆ ಕೂತು ಎರಡೂ ಕೈ ಚಾಚಿ, "ಹಸಿರು ಗಾಜಿನವು ತೊಡಿಸವ್ವ" ಅಂದರು. ಆಕೆ ಬಳೆ ಹಾಕಿಕೊಳ್ಳುವವರೇ ಅಲ್ಲ, ಕುರಿ ಹಿಡಿಯುವಾಗ ಒಡೆಯುತ್ತವೆ ಎಂದು. ಆ ಹೆಣ್ಣುಮಗಳು ಇವರ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಒಂದೊಂದಾಗಿ, ನಿಧಾನವಾಗಿ, ಕೈತುಂಬ ತೊಡಿಸಿದಳು. ಎದುರು ಅಂಗಡಿಯ ಹೆಂಗಸರು ನೋಡುತ್ತಿದ್ದರು. ನೋಡಲಿ ಎಂದೇ ಇನ್‌ಸ್ಪೆಕ್ಟ್ರಮ್ಮ ಕೈ ಎತ್ತಿ ಬಳೆ ಸದ್ದು ಮಾಡಿದರು.

ಆಮೇಲೆ ಕಾಗದ ಕೊಟ್ಟಾಗ ರುಜು ಹಾಕಿ ಅವಳು ಕೇಳಿದಳು, "ಗಾಡಿ ಚೆನ್ನಾಗಿ ಓಡ್ತೈತಾ ಅಕ್ಕ?"

ನಾನು ಏನಾದರೂ ಹೇಳಿ ತೇಲಿಸಲು ನೋಡಿದೆ. ಇನ್‌ಸ್ಪೆಕ್ಟ್ರಮ್ಮ ತೇಲಿಸುವವರಲ್ಲ. "ಇನ್ನೂ ಕೂರಿಸಿಲ್ಲವ್ವ. ನಿನ್ನ ಗಂಡ ಸತ್ತ ಗಾಡೀದು, ಶುದ್ಧ ಮಾಡಿದ್ರೆ ಮಾತ್ರ ಮುಟ್ತೀನಿ ಅಂತಾನೆ ಮೇಸ್ತ್ರಿ. ನಾನು ಮಾಡಲ್ಲ ಅಂದೀನಿ."

"ಯಾವ ಮೇಸ್ತ್ರಿ?"

"ಹಿರಿಯೂರಿನ ಹೆದ್ದಾರಿ ಪಕ್ಕ, ದೊಡ್ಡ ಬೇವಿನ ಮರದ ಹತ್ರ ಶೆಡ್ಡೈತಲ್ಲ, ಅವನು."

ಅವಳು ಎದ್ದು ಅಂಗಡಿಯ ಬಾಗಿಲು ಎಳೆದು ಬೀಗ ಹಾಕಿದಳು. ಬೀಗದ ಕೈ ಸೆರಗಿಗೆ ಗಂಟು ಹಾಕಿಕೊಂಡು, "ನಡೀರಿ, ಹೋಗಾಣ" ಅಂದಳು. ಎಲ್ಲಿಗೆ, ಯಾಕೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಮೂವರೂ ಹಿರಿಯೂರಿನ ಬಸ್ಸು ಹತ್ತಿದೆವು.

ಗ್ಯಾರೇಜಿನಲ್ಲಿ ಲಾರಿಗಳು ನಿಂತಿದ್ದವು, ಡ್ರೈವರುಗಳು ಬೇವಿನ ಮರದ ಕೆಳಗೆ ಟೀ ಕುಡಿಯುತ್ತಿದ್ದರು. ಅವಳು ನೇರ ಮೇಸ್ತ್ರಿಯ ಮುಂದೆ ಹೋಗಿ ನಿಂತಳು. ಯಾರೆಂದು ಹೇಳಿಕೊಂಡಳು. ಮೇಸ್ತ್ರಿ ಕುರ್ಚಿ ಎಳೆದು "ಕುಂತ್ಕಳ್ರಿ ತಾಯಿ" ಅಂದ. ಕೂರಲಿಲ್ಲ.

"ನನ್ನ ಗಂಡನ ಸಾಮಾನು ಇಸ್ಕಳಾಕೆ ಅವತ್ತು ಈ ಊರಿಗೆ ಬಂದಿದ್ದೆ. ಇದೇ ಮರದ ಕೆಳಗೆ ನಿಂತು ಬಸ್ಸಿಗೆ ಕಾಯ್ತಾ ಇದ್ದೆ. ಊರಾಚೆ ಮೋರಿ ಹತ್ರ ಅವರಿಗೆ ಗುದ್ದಿದ ಲಾರಿ ನಿನ್ನ ಶೆಡ್ಡಿನೊಳಗೇ ನಿಂತಿತ್ತು. ಅದರ ಮುಖ ಹೊಂಡ ಬಿದ್ದಿತ್ತು, ನೀನು ಸುತ್ತಿಗೆ ತಗಂಡು ಬಡಿದು ನೆಟ್ಟಗೆ ಮಾಡ್ತಾ ಇದ್ದೆ. ನಾನೇ ಕಣ್ಣಾರೆ ನೋಡಿದೀನಿ. ಕೊಂದ ಲಾರಿ ಅದು. ಅದನ್ನ ಮುಟ್ಟೋವಾಗ ಎಷ್ಟು ಕುಂಬಳಕಾಯಿ ಒಡೆಸಿದೆ? ಎಷ್ಟು ಕುರಿ ಕಡಿಸಿದೆ? ಹೇಳಪ್ಪ."

 ಮೇಸ್ತ್ರಿ ಕೈಯಲ್ಲಿದ್ದ ಬಟ್ಟೆಯಿಂದ ಕೈ ಒರೆಸಿಕೊಂಡ, ಒರೆಸಿಕೊಳ್ಳುತ್ತಲೇ ಇದ್ದ.

"ಕೊಂದಿದ್ದು ಮೈಲಿಗೆ ಅಲ್ಲ, ಸತ್ತಿದ್ದು ಮೈಲಿಗೆ. ಅಲ್ಲವಾ? ನಿನ್ನ ಶಾಸ್ತ್ರದಾಗೆ ಹಂಗೈತಾ?"

ಅವಳ ಕಣ್ಣಲ್ಲಿ ನೀರು ಇರಲಿಲ್ಲ, ನನ್ನ ಕಣ್ಣಲ್ಲಿತ್ತು.  ಎಲ್ಲದಕ್ಕೂ ಬಾಯಿ ಹಾಕುವ ಇನ್‌ಸ್ಪೆಕ್ಟ್ರಮ್ಮ ಸುಮ್ಮನೆ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಡ್ರೈವರುಗಳಲ್ಲಿ ವಯಸ್ಸಾದವನೊಬ್ಬ ಎದ್ದು ಬಂದು ಟೀ ಲೋಟ ಕೆಳಗಿಟ್ಟ. "ಕೂರಿಸಿಕೊಡು ಮೇಸ್ತ್ರಿ. ನನ್ನ ಲಾರಿ ಅಂತೂ ಬರ್ತೈತೆ" ಅಂದ. ಮೇಸ್ತ್ರಿ ಯಾರ ಮುಖವನ್ನೂ ನೋಡದೆ ಒಳಗೆ ಹೋಗಿ ಇಂಜಿನ್ ಎತ್ತುವ ಸರಪಳಿ ಎಳೆದು ತಂದ.

ಆಮೇಲಿನ ಕೆಲಸ ಸಲೀಸೇನಲ್ಲ. ಚೌಕಟ್ಟು ಕತ್ತರಿಸಿ ಬೆಸೆಯಬೇಕಾಯಿತು, ಗುಜರಿ ಕಾರಿನ ಮುಂದಿನ ಚಕ್ರಗಳನ್ನೂ ಜೊತೆಗೇ ತಂದು ಕೂರಿಸಬೇಕಾಯಿತು, ವೈರುಗಳಿಗೆ ದಾವಣಗೆರೆಯಿಂದ ಒಬ್ಬ ಹುಡುಗನನ್ನು ಕರೆಸಬೇಕಾಯಿತು. ಒಂದು ಸಲ ಕೀಲಿ ತಿರುಗಿಸಿದರೆ ಇಂಜಿನ್ ಬದಲು ಹಾರನ್ ಬಡಿದುಕೊಂಡಿತು. ಅಂತೂ ದಸರಾ ಒಳಗೆ ಗಾಡಿ ಓಡಿತು. ಆಕೆಗೆ ಆದೇಶ ಸಿಕ್ಕಿತು, ನಿವೃತ್ತಿಯಾಗುವ ತನಕ ಹಿರೇಗುಂಟನೂರು ಹೋಬಳಿ ಬಿಡಲಿಲ್ಲ. ಆ ಗಾಡಿ ಎಂದೂ ಕೈಕೊಡಲಿಲ್ಲ ಅಂದರೆ ನಾನೂ ಸಂತಾಪ ಸಭೆಯವರ ಹಾಗೆ ಸುಳ್ಳು ಹೇಳಿದಂತಾಗುತ್ತದೆ. ಎಷ್ಟೋ ಸಲ ನಡುದಾರಿಯಲ್ಲಿ ನಿಂತಿದೆ, ಕುರಿಗಾರರು ತಳ್ಳಿದ್ದಾರೆ, ಆಕೆ ಒಳಗೆ ಕೂತು ಅವರನ್ನೇ ಬೈದಿದ್ದಾರೆ.

ನನಗೆ ಹೇಳಬೇಕಾದ್ದು ಗಾಡಿಯನ್ನು ಸಾಹೇಬರಿಗೆ ತೋರಿಸಲು ದುರ್ಗಕ್ಕೆ ತಂದ ದಿನದ ಮಾತು. ಹೊಸದುರ್ಗದಿಂದ ಆ ಹೆಣ್ಣುಮಗಳನ್ನು ಇನ್‌ಸ್ಪೆಕ್ಟ್ರಮ್ಮ ಗ್ಯಾರೇಜಿಗೇ ಹೇಳಿ ಕರೆಸಿದ್ದರು. ಹೊಸ ಗಾಡಿ ಹೊರಡುವಾಗ ಮುಂದಿನ ಸೀಟಿಗೆ ಮುತ್ತೈದೆಯನ್ನು ಕೂರಿಸುವುದು ನಮ್ಮ ಕಡೆಯ ಪದ್ಧತಿ. ಮೇಸ್ತ್ರಿಯ ಹೆಂಡತಿ ಹೂ ಮುಡಿದು ಬಂದು ನಿಂತಿದ್ದಳು. ಇನ್‌ಸ್ಪೆಕ್ಟ್ರಮ್ಮ ಅವಳ ಕೈಗೆ ಮರ್ಯಾದೆಯಿಂದ ಎಲೆ ಅಡಿಕೆ ಕೊಟ್ಟರು, ಮುಂದಿನ ಬಾಗಿಲು ತೆಗೆದು ಹೊಸದುರ್ಗದವಳಿಗೆ "ಹತ್ತವ್ವ" ಅಂದರು.  ನಾನು ಹಿಂದೆ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತೆ.

ಹೆದ್ದಾರಿಗೆ ಹತ್ತಿದೆವು. ಗೇರು ತಾನಾಗಿ ಬದಲಾಗುವಾಗಲೆಲ್ಲ ಇನ್‌ಸ್ಪೆಕ್ಟ್ರಮ್ಮ ಕನ್ನಡಿಯಲ್ಲಿ ನನ್ನನ್ನು ನೋಡಿ ಹುಬ್ಬು ಹಾರಿಸುತ್ತಿದ್ದರು. ಊರು ಬಿಟ್ಟು ಸ್ವಲ್ಪ ದೂರ ಹೋದ ಮೇಲೆ, ಮೋರಿಯೊಂದು ಕಾಣುತ್ತಲೇ, ಮುಂದೆ ಕೂತವಳು ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಇಲ್ಲೇ" ಅಂದಳು.

ಗಾಡಿ ನಿಧಾನವಾಯಿತು. "ನಿಲ್ಲಿಸ್ಲೇನವ್ವ?" ಅಂದರು ಇನ್‌ಸ್ಪೆಕ್ಟ್ರಮ್ಮ. ಹಿಂದಿನಿಂದ ಒಂದು ಲಾರಿ ಪಕ್ಕಕ್ಕೆ ಸರಿಯಿರೆಂದು ಒಂದೇ ಸಮನೆ ಹಾರನ್ ಬಡಿಯುತ್ತ ಮೇಲೆ ಬರುತ್ತಿತ್ತು. ಅವಳು ಅದನ್ನು ತಿರುಗಿ ನೋಡಿದಳು, ಮೋರಿಯನ್ನು ನೋಡಿದಳು, ಆಮೇಲೆ ಕಣ್ಣೊರೆಸಿಕೊಂಡು ನೇರ ಮುಂದಿನ ರಸ್ತೆ ನೋಡಿದಳು.

"ಬ್ಯಾಡಕ್ಕ. ನಿಲ್ಲಿಸಬ್ಯಾಡ್ರಿ. ಆ ಲಾರಿಗೆ ದಾರೀನೂ ಬಿಡಬ್ಯಾಡ್ರಿ."

ಇನ್‌ಸ್ಪೆಕ್ಟ್ರಮ್ಮ ಬಲಗಾಲು ಒತ್ತಿದರು.